ತಲೆಗೆ ಬಿದ್ದ ಪೆಟ್ಟು

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣ)



ಇವತ್ತು ತಲೆಗೆ ಬೀಳುವ ಪೆಟ್ಟಿನ ವಿಚಾರ ಮಾತಾಡೋಣ.

ಕೈ ಮುರಿದರೆ ಎಲ್ಲರಿಗೂ ಕಾಣುತ್ತೆ. ನೋಡಿದವರು "ಅಯ್ಯೋ ಪಾಪ" ಅಂತಾರೆ. ಮಿದುಳಿಗೆ ಪೆಟ್ಟಾದರೆ ಕಾಣೋದಿಲ್ಲ. ಹೊರಗಿನ ಗಾಯ ಮಾಯುತ್ತೆ. ಅದರ ಮೇಲೆ ಕೂದಲೂ ಬೆಳೆಯುತ್ತೆ. ಒಳಗಿನ ಗಾಯದ ತೊಂದರೆ ತಿಂಗಳುಗಟ್ಟಲೆ ಇರಬಹುದು. ಕೆಲವರಿಗೆ ವರ್ಷಗಟ್ಟಲೆ ಇರುತ್ತೆ.

ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು ಹಾಕಿ ಜೋರಾಗಿ ಕುಲುಕಿ ನೋಡಿ. ಡಬ್ಬಿಗೆ ಏನೂ ಆಗಲ್ಲ. ಮೊಸರು ಒಡೆದಿರುತ್ತೆ. ನಮ್ಮ ತಲೆಯೂ ಹಾಗೇ. ಬುರುಡೆ ಗಟ್ಟಿ, ಮಿದುಳು ಮೆತ್ತಗೆ. ರಕ್ತ ಬರಲಿಲ್ಲ, ಬುರುಡೆ ಒಡೆಯಲಿಲ್ಲ ಅಂತ ಸುಮ್ಮನಿರಬಾರದು.

ಪೆಟ್ಟು ಹೇಗೆ ಬೀಳುತ್ತೆ? ಬೈಕಿನಿಂದ ಬಿದ್ದು. ತೆಂಗಿನ ಮರ, ಅಡಿಕೆ ಮರದಿಂದ ಬಿದ್ದು. ವಯಸ್ಸಾದವರು ಬಚ್ಚಲಲ್ಲಿ ಜಾರಿ. (ಬೈಕಿನಲ್ಲಿ ಹಿಂದೆ ಕೂರುವ ನಮಗೂ ಹೆಲ್ಮೆಟ್ ಬೇಕು. ಗಂಡನ ತಲೆಗೆ ಮಾತ್ರ ಬೆಲೆಯೇ?) ಇನ್ನೊಂದು ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಅದು ಮನೆಯೊಳಗೆ ಬೀಳುವ ಏಟು. ಅದನ್ನು ಆಮೇಲೆ ಹೇಳ್ತೀನಿ.

ಪೆಟ್ಟು ಬಿದ್ದವರು ಎದ್ದು ಓಡಾಡಬಹುದು. ಊಟವನ್ನೂ ಮಾಡಬಹುದು. ಕೆಲವು ಗಂಟೆ ಆದ ಮೇಲೆ ತೊಂದರೆ ಶುರುವಾಗಬಹುದು. ಆದ್ದರಿಂದ ಒಂದೆರಡು ದಿನ ಜೊತೆಯಲ್ಲಿ ಯಾರಾದರೂ ಇರಬೇಕು. ಮತ್ತೆ ಮತ್ತೆ ವಾಂತಿ ಆಗುತ್ತಾ? ಎಬ್ಬಿಸಿದರೂ ಏಳದಷ್ಟು ಮಂಪರಾ? ತಲೆನೋವು ಹೆಚ್ಚುತ್ತಾ ಇದೆಯಾ? ಮಾತು ತೊದಲುತ್ತಾ? ಫಿಟ್ಸ್ ಬಂತಾ? ಮೂಗಿನಿಂದ, ಕಿವಿಯಿಂದ ರಕ್ತವೋ ನೀರೋ ಸೋರುತ್ತಾ? ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಕತ್ತು ತಿರುಚಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಯಾವುದೂ ಬೇಡ.

ಇನ್ನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಥೆ. ಕಷ್ಟ ಇರೋದು ಇಲ್ಲೇ.

ಗಂಡ ಮನೆಗೆ ಬಂದ. ನಡೀತಾನೆ, ಉಣ್ತಾನೆ. ಆದರೆ ಮೊದಲಿನ ಹಾಗಿಲ್ಲ. ಈಗ ಹೇಳಿದ್ದು ಈಗಲೇ ಮರೆತ. ಮಕ್ಕಳು ಗಲಾಟೆ ಮಾಡಿದರೆ ಸಿಟ್ಟು ನೆತ್ತಿಗೇರುತ್ತೆ. ಬೆಳಿಗ್ಗೆಯೆಲ್ಲಾ ಮಲಗೇ ಇರ್ತಾನೆ. ಸುಮ್ಮನೆ ಅಳ್ತಾನೆ. ನೆರೆಹೊರೆಯವರು "ಗಾಳಿ ಸೋಕಿದೆ" ಅಂತಾರೆ. ಅತ್ತೆ "ಸೊಸೆ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂತಾರೆ. ಎರಡೂ ಸುಳ್ಳು. ಇದು ಗಾಯದ ಗುಣ. ಅವನ ಸೋಮಾರಿತನವೂ ಅಲ್ಲ, ನಿಮ್ಮ ತಪ್ಪೂ ಅಲ್ಲ.

ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ. ಒಂದು ಸ್ಲೇಟನ್ನು ಗೋಡೆಗೆ ನೇತು ಹಾಕಿ. ಇವತ್ತು ಯಾವ ವಾರ ಅಂತ ಬರೆಯಿರಿ. ಕೆಳಗೆ ದಿನದ ಕೆಲಸ ಬರೆಯಿರಿ. "ಸ್ನಾನ. ತಿಂಡಿ. ಮಾತ್ರೆ." ಮುಗಿದದ್ದನ್ನು ಅವನೇ ಅಳಿಸಲಿ. ಓದು ಬರದವನಾದರೆ ಚೊಂಬು, ತಟ್ಟೆ, ಮಾತ್ರೆಯ ಚಿತ್ರ ಬರೆಯಿರಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಸ್ನಾನ ಮಾಡಿ ಬಟ್ಟೆ ಹಾಕ್ಕೊಂಡು ಅಂಗಡಿಗೆ ಹೋಗಿ ಬಾ" ಅಂದರೆ ಅವನಿಗೆ ಮೂರರಲ್ಲಿ ಒಂದೂ ನೆನಪಿರಲ್ಲ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹೆಂಡ ಪೂರ್ತಿ ಬಂದ್.

ಮರೆವಿಗೆ, ಗಮನ ನಿಲ್ಲದೇ ಇರುವುದಕ್ಕೆ ತರಬೇತಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಕೊಡ್ತಾರೆ. ಏನು ಮಾಡಿಸ್ತಾರೆ ಗೊತ್ತಾ? ಬೆರೆಸಿದ ಕಾಳುಗಳನ್ನು ಬೇರೆ ಬೇರೆ ಮಾಡಿಸ್ತಾರೆ. ಅಕ್ಷರಗಳ ಸಾಲು ಕೊಟ್ಟು, ಅದರಲ್ಲಿ ಒಂದೇ ಅಕ್ಷರವನ್ನು ಹುಡುಕಿ ಹೊಡೆದು ಹಾಕಿಸ್ತಾರೆ. ನಾವು ದಿನಾ ಮೊರದ ಮುಂದೆ ಮಾಡುವ ಕೆಲಸ ಅಲ್ಲಿ ಮಿದುಳಿಗೆ ಔಷಧಿ! ಡಾಕ್ಟರನ್ನು ಕೇಳಿಕೊಂಡು ಮನೆಯಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಮಾಡಿಸಬಹುದು.

ಕೈಕಾಲು, ಮಾತು, ಬುದ್ಧಿಗೆ ಊನ ಉಳಿದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ಶೇಕಡಾ 40 ಅಥವಾ ಹೆಚ್ಚು ಊನ ಇದೆ ಅಂತ ಸರ್ಕಾರಿ ಡಾಕ್ಟರು ಬರೆದುಕೊಟ್ಟರೆ 2016ರ ಕಾಯಿದೆಯ ಸೌಲಭ್ಯ ಕೇಳಬಹುದು. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ. ಅರ್ಜಿ ತುಂಬಿಸುವುದು ಅವರ ಕೆಲಸ. ನಾಚಿಕೆ ಬಿಟ್ಟು ಕೇಳಿ.

ಮತ್ತೆ ನೀವು? ಹಗಲು ಕೂಲಿ, ರಾತ್ರಿ ಸೇವೆ. ನಿದ್ದೆ ಇಲ್ಲ. ಒಂದು ದಿನ ಒಲೆ ಮುಂದೆ ಕೂತು "ಇವನು ಆವತ್ತೇ ಹೋಗಿದ್ದರೆ ಚೆನ್ನಾಗಿತ್ತು" ಅನ್ನೋ ಯೋಚನೆ ಬರುತ್ತೆ. ಬಂದರೆ ನೀವು ಪಾಪಿಯಲ್ಲ. ಸುಸ್ತಾಗಿದ್ದೀರಿ. ವಾರಕ್ಕೆ ಒಂದು ಮಧ್ಯಾಹ್ನ ನಾದಿನಿಯೋ ಮೈದುನನೋ ನೋಡಿಕೊಳ್ಳಲಿ. ಕೇಳಿಯೇ ಕೇಳಬೇಕು, ತಾವಾಗಿ ಯಾರೂ ಬರಲ್ಲ. ಮನಸ್ಸಿನ ಭಾರ ಹೇಳಿಕೊಳ್ಳಲು 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರ್ತಾರೆ. ಕನ್ನಡದಲ್ಲೇ ಮಾತಾಡ್ತಾರೆ. ದುಡ್ಡಿಲ್ಲ.

ಈಗ ಆ ಇನ್ನೊಂದು ಮಾತು.

"ಪೆಟ್ಟು ಬಿದ್ದ ಮೇಲೆ ಹೊಡೀತಾನೆ. ಕಾಯಿಲೆ ಅಲ್ವಾ, ತಡ್ಕೋಬೇಕು" ಅಂತ ಎಷ್ಟೋ ಅಕ್ಕಂದಿರು ಹೇಳ್ತಾರೆ. ಕಾಯಿಲೆ ಇರಬಹುದು. ಅದಕ್ಕೆ ಡಾಕ್ಟರು ಇದ್ದಾರೆ. ಸಿಟ್ಟಿನ ವಿಚಾರ ಅವರಿಗೆ ಮುಚ್ಚಿಡದೆ ಹೇಳಿ, ಔಷಧಿ ಇದೆ. ಆದರೆ ಏಟು ತಿನ್ನೋದು ಸೇವೆ ಅಲ್ಲ. ಕೈ ಎತ್ತಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಕುಡುಗೋಲು, ಕೊಡಲಿ ಅವನ ಕೈಗೆ ಸಿಗದ ಹಾಗೆ ಇಡಿ. ಕಾಯಿಲೆಯೇ ಇಲ್ಲದೆ ಹೊಡೆಯುವವನಿಗಂತೂ ಯಾವ ನೆಪವೂ ಇಲ್ಲ.

ಜುಟ್ಟು ಹಿಡಿದು ಗೋಡೆಗೆ ಗುದ್ದಿದರೆ ಅದೂ ಮಿದುಳಿಗೆ ಪೆಟ್ಟೇ. ಕತ್ತು ಹಿಸುಕಿದರೆ ಮಿದುಳಿಗೆ ಹೋಗುವ ರಕ್ತ ನಿಲ್ಲುತ್ತೆ. ಮೇಲೆ ಗುರುತೇ ಇರದಿದ್ದರೂ ಒಳಗೆ ಹಾನಿ ಆಗಿರಬಹುದು. ಆಮೇಲೆ ಅವಳಿಗೆ ತಲೆ ಸುತ್ತುತ್ತೆ. ಹಾಲು ಒಲೆ ಮೇಲಿಟ್ಟು ಮರೀತಾಳೆ. "ಮರೆಗುಳಿ, ಸೋಮಾರಿ" ಅಂತ ಅದಕ್ಕೂ ಬೈಗುಳ. ಅದಕ್ಕೂ ಇನ್ನೊಂದು ಏಟು.

ಆಸ್ಪತ್ರೆಯಲ್ಲಿ ಕೇಳಿದರೆ ನಮ್ಮ ಹೆಂಗಸರದು ಒಂದೇ ಉತ್ತರ: "ಬಚ್ಚಲಲ್ಲಿ ಜಾರಿ ಬಿದ್ದೆ." ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರ್ತಾರೆ, ಇನ್ನೇನು ಹೇಳ್ತಾಳೆ? "ಒಬ್ಬಳೇ ಮಾತಾಡಬೇಕು" ಅಂತ ನರ್ಸಮ್ಮನಿಗೆ ಹೇಳಿ. ನಿಜ ಹೇಳಿ. ಎಷ್ಟು ಸಲ ತಲೆಗೆ ಬಿದ್ದಿದೆ, ಕತ್ತು ಹಿಸುಕಿದನಾ ಅನ್ನೋದು ಗೊತ್ತಾದರೆ ಡಾಕ್ಟರು ಪರೀಕ್ಷೆ ಮಾಡುವ ರೀತಿಯೇ ಬೇರೆ. ಅವರು ಬರೆದಿಟ್ಟ ಕಾಗದ ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯೂ ಆಗುತ್ತೆ. ದೂರು ಕೊಟ್ಟಿಲ್ಲ ಅಂತ ಚಿಕಿತ್ಸೆ ಇಲ್ಲ ಅನ್ನುವ ಹಾಗಿಲ್ಲ.

2005ರಲ್ಲಿ ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆ ಆಯಿತು. ಅದು ಹೆಂಡತಿಗೆ ಮಾತ್ರ ಅಲ್ಲ. ಒಂದೇ ಮನೆಯಲ್ಲಿರುವ ತಾಯಿ, ತಂಗಿ, ಮಗಳಿಗೂ ಇದೆ. ಮನೆ ಅವನ ಹೆಸರಿನಲ್ಲಿದ್ದರೂ ನಿಮ್ಮನ್ನು ಸುಮ್ಮನೆ ಹೊರಗೆ ಹಾಕುವ ಹಾಗಿಲ್ಲ. "ಹೊಡೆಯಬೇಡ, ಹತ್ತಿರ ಹೋಗಬೇಡ" ಅಂತ ನ್ಯಾಯಾಲಯ ಆಜ್ಞೆ ಮಾಡಬಹುದು. ಇದಕ್ಕೆ ಸಂರಕ್ಷಣಾಧಿಕಾರಿ ಇದ್ದಾರೆ. ಶಿಶು ಅಭಿವೃದ್ಧಿ ಯೋಜನೆಯ ಕಚೇರಿಯಲ್ಲಿ ವಿಚಾರಿಸಿ. ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತೆ, ಆದಾಯ ಎಷ್ಟೇ ಇರಲಿ. ಜಿಲ್ಲಾ ಕೇಂದ್ರದಲ್ಲಿ "ಸಖಿ" ಕೇಂದ್ರ ಇದೆ. ಡಾಕ್ಟರು, ಪೊಲೀಸರು, ವಕೀಲರ ಸಹಾಯ ಅಲ್ಲಿ ಒಂದೇ ಕಡೆ ಸಿಗುತ್ತೆ. ಕೆಲವು ದಿನ ತಂಗಲೂಬಹುದು. ಮಹಿಳಾ ಸಹಾಯವಾಣಿ 181. ಈಗಲೇ ಪ್ರಾಣಕ್ಕೆ ಅಪಾಯ ಅಂದರೆ 112.

ಈ ನಂಬರುಗಳನ್ನು ಬರೆದುಕೊಳ್ಳಿ. 108ನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. 181ನ್ನು ಗೋಡೆ ಮೇಲೆ ಬರೆಯಬೇಡಿ. ಹೊಡೆಯುವವನು ನೋಡಿದರೆ ಅದೂ ಒಂದು ಜಗಳ. ಈ ಪುಸ್ತಕದಲ್ಲೇ ಇದೆ, ಬಾಯಿಪಾಠವೂ ಮಾಡಿಕೊಳ್ಳಿ. ಒಂದು ಕೈಚೀಲದಲ್ಲಿ ಆಧಾರ್ ಕಾರ್ಡು, ಪಡಿತರ ಚೀಟಿಯ ಜೆರಾಕ್ಸ್, ಆಸ್ಪತ್ರೆಯ ಚೀಟಿ, ಬಸ್ಸಿಗೆ ಸ್ವಲ್ಪ ದುಡ್ಡು ಹಾಕಿ ನಂಬಿಕೆಯ ಗೆಳತಿಯ ಮನೆಯಲ್ಲಿಡಿ. ಯಾರ ಮನೆ ಅನ್ನೋದು ನಿಮಗೂ ಅವಳಿಗೂ ಮಾತ್ರ ಗೊತ್ತಿರಲಿ.