ನೀರು ನಿಂತ ಎಡೆ, ನೀರು ಬಂದ ದಾರಿ

ಕೊಬ್ಬರಿಯ ಸೀಮೆಯಾದ ಅರಳಗುಪ್ಪೆಯ ಉಪಾಧ್ಯಾಯನಿಗೆ ದೋಣಿಯ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವುಂಟು. ಒಮ್ಮೆ ಹುಡುಗರನ್ನು ಹಂಪೆಗೆ ಕರೆದೊಯ್ದಿದ್ದೆ. ತುಂಗಭದ್ರೆಯ ನಡುವೆ ನಮ್ಮ ಹರಿಗೋಲಿನೊಳಗೆ ನೀರು ಕಾಣಿಸಿಕೊಂಡಿತು. ಹನ್ನೆರಡು ಮಂದಿ ಹುಡುಗರು. ಈಜು ಬಲ್ಲವರು ಇಬ್ಬರೇ. ನೀರು ನಿಂತಲ್ಲೇ ತೂತನ್ನು ತಡಕಿದೆ, ಸಿಗಲಿಲ್ಲ. ಚೊಂಬಿನಿಂದ ಮೊಗೆಮೊಗೆದು ಚೆಲ್ಲುತ್ತ ಹೇಗೋ ದಡ ಸೇರಿದೆವು.

ಹರಿಗೋಲು ನಮ್ಮಲ್ಲಿ ಬಹು ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಪೇಸ್, ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಯಲ್ಲಿ 15-20 ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ದಡದಲ್ಲಿ ಅಂಬಿಗ ಏನು ಮಾಡಿದ ಬಲ್ಲಿರಾ? ಹರಿಗೋಲನ್ನು ಒರೆಸಿ ಒಣಗಿಸಿ, ಕಲ್ಲುಗಳ ಮೇಲಿಟ್ಟು, ಒಳಗೆ ನೀರು ಹೊಯ್ದ. ಮೆಲ್ಲಗೆ ಒಂದೊಂದು ಕಡೆಗೂ ವಾಲಿಸುತ್ತ, ಹೊರಮೈಯಲ್ಲಿ ಮೊದಲ ಹನಿ ಎಲ್ಲಿ ಮೂಡುವುದೆಂದು ನೋಡಿದ. ನೀರು ನಿಂತಿದ್ದದ್ದು ನಡುವೆ. ತೂತಿದ್ದದ್ದು ಪಕ್ಕದ ಮಡಿಕೆಯಲ್ಲಿ!

ಒಳಗೆ ಎಂಜಿನ್ನೂ ಹಿಂಬದಿಯ ಹೊರಗೆ ಚಾಲಕಾಂಗವೂ ಇರುವ ಮೋಟಾರು ದೋಣಿಯ ಪಾಡೂ ಇಷ್ಟೇ. ಇವೆರಡರ ನಡುವಣ ರಬ್ಬರಿನ ತಿದಿ ಹಳತಾಗಿ ಬಿರಿದರೂ ನೀರು ಕಾಣುವುದು ತಳದ ತಗ್ಗಿನಲ್ಲಿಯೇ.

ನಮ್ಮ ಮನೆಗಳನ್ನೇ ನೋಡಿ. ಅಟ್ಟದ ಕೊಬ್ಬರಿಯ ಮೇಲೆ ಹನಿ ಬಿದ್ದರೆ ನೇರ ಮೇಲಿನ ಹೆಂಚನ್ನು ಬದಲಿಸುತ್ತೇವೆ. ನೀರು ಮಾತ್ರ ಎಲ್ಲಿಯೋ ಹೊಕ್ಕು, ರೀಪಿನಗುಂಟ ಹರಿದು ಬಂದಿರುತ್ತದೆ; ವರ್ಷದ ಫಲ ಬೂಷ್ಟು ಹಿಡಿಯುತ್ತದೆ.

ಅಟ್ಟದ ಕೊಬ್ಬರಿ ಹೋದರೆ ಮರುವರ್ಷ ಬಂದೀತು. ಆದುದರಿಂದ ಮಹನೀಯರೇ, ಮಕ್ಕಳನ್ನು ಹರಿಗೋಲಿಗೆ ಹತ್ತಿಸುವ ಮೊದಲು ಅದರ ತಳವನ್ನು ಮುಟ್ಟಿ ನೋಡಿ. ಅಂದು ನಾನು ನೋಡಿರಲಿಲ್ಲ.