ಅಳತೆಗೋಲು ಒಂದೇ ಇರಲಿ

(ಬಾರಾಮತಿಯ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ದಶಲಕ್ಷಣ ಪರ್ವಕ್ಕೆ ಊರಿಗೆ ಹೋಗಿದ್ದೆ. ನನ್ನ ಅಣ್ಣನ ಮಗಳು ಕಾಲೇಜಿನಿಂದ ನೇರವಾಗಿ ಬಸದಿಗೆ ಬಂದಳು. ಜೀನ್ಸ್ ಧರಿಸಿದ್ದಳೆಂದು ಆಕೆಯನ್ನು ಬಾಗಿಲಲ್ಲಿಯೇ ತಡೆದರು. ಜೀನ್ಸನ್ನೇ ಧರಿಸಿದ್ದ ಆಕೆಯ ತಮ್ಮ ಒಳಗೆ ಹೋಗಿ ದರ್ಶನ ಪಡೆದು ಬಂದನು. ನಾನು ಅಲ್ಲಿಯೇ ನಿಂತಿದ್ದೆ; ಒಂದು ಮಾತನ್ನೂ ಆಡಲಿಲ್ಲ. ಆ ಮೌನದ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ಉಡುಪಿನ ವಿಷಯದಲ್ಲಿ ನಾವು ಲೋಕದಿಂದ ದೊಡ್ಡ ಔದಾರ್ಯವನ್ನೇ ನಿರೀಕ್ಷಿಸುತ್ತೇವೆ. 2016ರ ಆಗಸ್ಟ್ 26ರಂದು ಮುನಿಶ್ರೀ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಕೆಲವರು ಗೇಲಿ ಮಾಡಿದರು. ನಾವು ನೊಂದೆವು. ದಿಗಂಬರತ್ವವು ಅಪರಿಗ್ರಹದ ಪರಮಾವಧಿಯೇ ಹೊರತು ಅಸಭ್ಯತೆಯಲ್ಲವೆಂದು ವಿವರಿಸಿದೆವು. ಅದು ನ್ಯಾಯವಾದ ಮಾತು. ಆದರೆ ಹಾಗೆ ಕೇಳುವವರು ಅನ್ಯರನ್ನೂ ಅದೇ ಕೋಲಿನಿಂದ ಅಳೆಯಬೇಕಲ್ಲವೇ?

ಲೆಕ್ಕಪರಿಶೋಧಕನಾದ ನಾನು ಯಾವುದೇ ವಸ್ತ್ರನಿಯಮಕ್ಕೆ ಮೂರು ಪ್ರಶ್ನೆಗಳನ್ನು ಹಾಕುತ್ತೇನೆ. ಅದರ ಉದ್ದೇಶವೇನು? ಅದು ಎಲ್ಲರಿಗೂ ಸಮಾನವೇ? ಪಾಲಿಸಲಾಗದವರಿಗೆ ಬೇರೆ ದಾರಿಯುಂಟೇ?

2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಆ ನಿಯಮ ಮೊದಲನೆಯ ಪ್ರಶ್ನೆಯಲ್ಲಿಯೇ ಸೋತಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು, ನಾವೆಲ್ಲರೂ ಸರಿಯೆಂದೆವು.

ಶಾಲೆಯ ಸಮವಸ್ತ್ರ ಹಾಗಲ್ಲ. ಬಡವ ಬಲ್ಲಿದರ ಭೇದ ಕಾಣದಿರಲೆಂಬ ಉದ್ದೇಶ ಅದಕ್ಕಿದೆ. ಆದರೂ ಹಿಜಾಬ್ ವಿವಾದದಲ್ಲಿ ಮೂರನೆಯ ಪ್ರಶ್ನೆ ಉಳಿಯಿತು. ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಆದೇಶ ಸರಿಯೆಂದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಹೆಣ್ಣುಮಕ್ಕಳ ಶಿಕ್ಷಣವನ್ನೇ ಮುಂದಿಟ್ಟು ಅದನ್ನು ತಳ್ಳಿಹಾಕಿದರು. ಇಬ್ಬರಲ್ಲಿ ಯಾರು ಸರಿಯೆಂಬುದರಲ್ಲಿ ನಮ್ಮೊಳಗೆ ಭಿನ್ನಮತವಿರಬಹುದು. ಆದರೆ ಬಟ್ಟೆಯ ತುಂಡೊಂದಕ್ಕಾಗಿ ಬಾಲಕಿಯೊಬ್ಬಳು ತರಗತಿಯ ಹೊರಗೆ ಉಳಿದರೆ ಆ ನಷ್ಟವನ್ನು ಯಾರ ಖಾತೆಗೆ ಬರೆಯೋಣ? ಅನೇಕಾಂತವನ್ನು ಬೋಧಿಸುವ ನಾವು ಈ ಪ್ರಶ್ನೆಯನ್ನು ಕೇಳದೆ ಹೋಗಲಾಗದು.

ಇನ್ನು ನಮ್ಮ ಬಸದಿಗೆ ಬರೋಣ. ಅಭಿಷೇಕಕ್ಕೆ ಮಡಿವಸ್ತ್ರ ಬೇಕೆಂಬುದು ಶುದ್ಧಿಯ ನಿಯಮ. ಅದು ಸ್ತ್ರೀಪುರುಷರಿಬ್ಬರಿಗೂ ಇರಲಿ. ದೂರದಿಂದ ಕೈಮುಗಿದು ಹೋಗುವವರಿಗೆ ಆ ಕಟ್ಟು ಏಕೆ? ಅಕ್ಕನನ್ನು ತಡೆದು ತಮ್ಮನನ್ನು ಬಿಡುವುದು ಶುದ್ಧಿಯ ನಿಯಮವಲ್ಲ, ಪಕ್ಷಪಾತ.

ನನ್ನ ಸಲಹೆ ಇಷ್ಟೇ. ಬಸದಿಯ ಸಮಿತಿಗಳು ನಿಯಮವನ್ನು ಕಾರಣಸಹಿತ ಬರೆದು ಬಾಗಿಲಲ್ಲಿ ಹಾಕಲಿ. ನಿಯಮ ಮಾಡುವ ಸಭೆಯಲ್ಲಿ ಸ್ತ್ರೀಯರೂ ಕುಳಿತಿರಲಿ. ಒಗೆದ ನಾಲ್ಕು ಶಾಲುಗಳನ್ನು ಅಲ್ಲಿಡಲಿ. ಯಾರನ್ನೂ ಹತ್ತು ಜನರೆದುರು ಅವಮಾನಿಸಿ ಕಳುಹಿಸುವುದು ಬೇಡ. ಮಾತಿನಿಂದ ನೋಯಿಸುವುದೂ ಹಿಂಸೆಯೇ.

ಆ ಹುಡುಗಿ ಅಂದಿನಿಂದ ಬಸದಿಗೆ ಹೋಗಿಲ್ಲ. ಈ ಭಾದ್ರಪದದಲ್ಲಿ ನಾನೇ ಆಕೆಯನ್ನು ಕರೆದುಕೊಂಡು ಹೋಗುವೆನು. ಯಾರಾದರೂ ತಡೆದರೆ ಈ ಸಲ ಸುಮ್ಮನಿರಲಾರೆ.

ಜೈ ಜಿನೇಂದ್ರ.