ಹೊಳೆಯಾಚೆಯ ಅಜ್ಜಿ, ಗಿರಣಿಯ ಅಜ್ಜ

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಹತ್ತಿ ಗಿರಣಿಗಳ ಸೈರನ್ ಕೇಳಿಯೇ ಓಣಿ ಏಳುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ನನ್ನ ಅಜ್ಜ ಅಂಥ ಒಂದು ಗಿರಣಿಯಲ್ಲಿ ನೂಲುವ ವಿಭಾಗದ ಕಾರ್ಮಿಕ. ಅಜ್ಜಿ ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿ. ಇಬ್ಬರೂ ಈಗಿಲ್ಲ. ಅವರ ಹಿಂದಿನವರು ಯಾರು ಎಂದು ಹುಡುಕಲು ಹೊರಟಾಗ ಕಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ನಿಜವಾದ ಮ್ಯಾಂಚೆಸ್ಟರಿಗೆ ಹೋಗಿ ಬರೋಣ. ಇಂಗ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಓದು ಬಾರದ ಗಿರಣಿಯಾಳು ಸಹಿಯ ಜಾಗದಲ್ಲಿ ಗುಣಾಕಾರದ ಗುರುತು ಹಾಕಿರುತ್ತಾನೆ. 1841ರಿಂದೀಚೆಗೆ ಜನಗಣತಿಯ ಮನೆವಾರು ಪಟ್ಟಿಗಳೂ ಇವೆ. ನೂರು ವರ್ಷ ಕಳೆದ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. 1921ರ ಪಟ್ಟಿ 2022ರ ಜನವರಿಯಲ್ಲಿ ಬಹಿರಂಗವಾಯಿತು. ಹೀಗಾಗಿ ಅಲ್ಲಿನ ಬಡ ಕಾರ್ಮಿಕ ದಂಪತಿಯ ಹಲವು ತಲೆಮಾರುಗಳನ್ನು ಕಾಗದದಲ್ಲೇ ಪತ್ತೆ ಹಚ್ಚಲು ಸಾಧ್ಯ.

ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ. ಜನನ–ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಪುಸ್ತಕ ಇಡುತ್ತಿದ್ದರು. ಆದರೆ ನಾಮಕರಣಕ್ಕೆ ಮುಂಚೆಯೇ ಬರೆಸುತ್ತಿದ್ದುದರಿಂದ ಎಷ್ಟೋ ಕಡೆ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಇರುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಅಜ್ಜನ ಊರು ಹರಿಹರ ತಾಲ್ಲೂಕು. ಅಜ್ಜಿಯದು ತುಂಗಭದ್ರೆಯ ಆಚೆ ದಡ, ರಾಣೆಬೆನ್ನೂರು ತಾಲ್ಲೂಕು. ಅವರ ಮದುವೆಯಾದ 1955ರಲ್ಲಿ ಹೊಳೆಯ ಈಚೆ ಮೈಸೂರು ರಾಜ್ಯ, ಆಚೆ ಮುಂಬಯಿ ರಾಜ್ಯ. 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. 1997ರಲ್ಲಿ ಈಚೆಯದು ಚಿತ್ರದುರ್ಗದಿಂದ ದಾವಣಗೆರೆ ಜಿಲ್ಲೆಗೆ, ಆಚೆಯದು ಧಾರವಾಡದಿಂದ ಹಾವೇರಿ ಜಿಲ್ಲೆಗೆ ಬಂತು. ಹೊಳೆ ದಾಟಿದ ಒಂದು ಮದುವೆಯ ಜಾಡು ಹಿಡಿಯಲು ನಾಲ್ಕು ಜಿಲ್ಲೆಗಳ ಹೆಸರು ಗೊತ್ತಿರಬೇಕು!

ಅಜ್ಜನ ಕಾಗದಗಳು ಅಷ್ಟಿಷ್ಟು ಸಿಕ್ಕವು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ತಂದೆಯ ಹೆಸರಿತ್ತು. ಹುಟ್ಟಿದ ದಿನ ಮಾತ್ರ ಮೇಷ್ಟ್ರು ಎಲ್ಲರಿಗೂ ಬರೆಯುತ್ತಿದ್ದ ಜೂನ್ 1. ಭವಿಷ್ಯನಿಧಿಯ ಚೀಟಿ, ಕಾರ್ಮಿಕ ಸಂಘದ ಚಂದಾ ರಸೀದಿ ಟ್ರಂಕಿನಲ್ಲಿದ್ದವು. ಅಜ್ಜಿಗೆ ಭಟ್ಟಿಯವರು ಯಾವ ಚೀಟಿಯನ್ನೂ ಕೊಟ್ಟಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಆಕೆಯ ಗುರುತು ಗಂಡನ ಹೆಸರಿನಿಂದ. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 1951–52ರ ಮೊದಲ ಮಹಾಚುನಾವಣೆಯ ಹೊತ್ತಿಗೆ, ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದು ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಉಳಿದದ್ದು ಹೆಳವರು. ಎತ್ತಿನ ಮೇಲೆ ಊರೂರಿಗೆ ಬಂದು, ಒಕ್ಕಲು ಮನೆಗಳ ವಂಶಾವಳಿ ಹೇಳಿ ಕಾಳುಕಡಿ ಪಡೆಯುವ ಈ ಜನ ಬಡವರ ಪಾಲಿನ ದಫ್ತರವೇ ಸರಿ. ಅಜ್ಜಿಯ ತವರಿಗೆ ಬಂದ ಹೆಳವರು ಏಳು ತಲೆಮಾರು ಹೇಳಿದರು. ಎಲ್ಲವೂ ಗಂಡಸರ ಹೆಸರು. ಅಜ್ಜಿಯ ಪಾಲಿಗೆ ಬಂದದ್ದು ‘ಒಬ್ಬ ಮಗಳು, ಹೊಳೆಯಾಚೆ ಕೊಟ್ಟಿದೆ’ ಎಂಬ ಮಾತು.

ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನ ಹೆಸರು ಎಂಟು ನೂರು ವರ್ಷಗಳ ಮೇಲೂ ಕಲ್ಲಿನಲ್ಲಿದೆ. ಎಪ್ಪತ್ತು ವರ್ಷದ ಹಿಂದೆ ಅದೇ ಊರಿನ ಹೊಳೆ ದಾಟಿ ಬಂದ ನನ್ನ ಅಜ್ಜಿಯ ಹೆಸರು ಎಲ್ಲಿದೆ?

ಅದು ಅಟ್ಟದ ಮೇಲಿತ್ತು. ಗುಜರಿಗೆ ಹಾಕಲೆಂದು ಇಳಿಸಿದ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ, ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಕಂಡವು. ಊರು, ಇಸವಿ, ಜತೆಗೆ ನಾವಾರೂ ಕೇಳದ ಒಂದು ಹೆಸರು. ಸೋದರತ್ತೆ ಬೆರಳಾಡಿಸಿ ನೋಡಿ, “ಇದು ನಮ್ಮವ್ವನ ತವರುಮನಿ ಹೆಸರು ಕಣಪ್ಪ. ಮದುವಿ ದಿನ ಇಲ್ಲಿ ಬೇರೆ ಹೆಸರು ಇಟ್ರಂತೆ” ಎಂದರು. ಐವತ್ತು ವರ್ಷ ಆ ಕೊಡದಲ್ಲಿ ನೀರು ಕುಡಿದ ಮನೆಯವರಿಗೆ ಅದು ಗೊತ್ತಿರಲಿಲ್ಲ.

ಸ್ನೇಹಿತರೆ, ನಿಮ್ಮಲ್ಲಿ ಅನೇಕರು ದುಡಿಯುವವರ ಮನೆಯಿಂದಲೇ ಬಂದವರು. ಹಳೇ ಪಾತ್ರೆ ಕೊಟ್ಟು ಹೊಸ ಸ್ಟೀಲ್ ತರುವ ಮೊದಲು ಅದರ ಮೇಲಿನ ಅಕ್ಷರ ಬರೆದುಕೊಳ್ಳಿ. ಫೋಟೋಗಳ ಹಿಂಬದಿ ನೋಡಿ. ಸಂಘದ ರಸೀದಿ ಎಸೆಯಬೇಡಿ. ಎಲ್ಲಕ್ಕಿಂತ ಮೊದಲು, ಅಜ್ಜಿ ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು, “ತವರಲ್ಲಿ ನಿನ್ನ ಏನಂತ ಕರೀತಿದ್ರು?” ಎಂದು ಕೇಳಿ. ನಾನು ಕೇಳಲಿಲ್ಲ.